ಬಿಲ್ಲಿನ ದಂಡವನ್ನು ಹದಗೊಳಿಸುವ ಬಗೆ

ನಮ್ಮ ಕೋಲಾರ, ಚಿಕ್ಕಬಳ್ಳಾಪುರ ಸೀಮೆಯ ಊರುಗಳಲ್ಲಿ ವೀರಗಲ್ಲುಗಳನ್ನು ನೋಡದವರು ವಿರಳ. ಅವುಗಳಲ್ಲಿ ಎಷ್ಟೋ ಕಲ್ಲುಗಳ ಮೇಲೆ ಬಿಲ್ಲು ಹಿಡಿದ ಬಂಟರು ನಿಂತಿದ್ದಾರೆ. ಶಿಲ್ಪಿಯು ಬಿಲ್ಲಿನ ಆಕಾರವನ್ನು ತೋರಿಸಿದನೇ ಹೊರತು, ಅದು ಯಾವ ಮರದ್ದು, ಯಾವಾಗ ಕಡಿದದ್ದು, ಎಷ್ಟು ದಿನ ಒಣಗಿಸಿದ್ದು ಎಂಬುದನ್ನು ಹೇಳಲಿಲ್ಲ. ಅವನ ಕಾಲದ ಜನರಿಗೆ ಅದನ್ನು ಹೇಳಬೇಕಾದ ಅಗತ್ಯವೂ ಇರಲಿಲ್ಲ. ನಮಗಾದರೋ ಅಗತ್ಯವಿದೆಯೆಂಬುದನ್ನು ನಾನು ಅರುವತ್ತರ ವಯಸ್ಸಿನಲ್ಲಿ ಕಲಿಯಬೇಕಾಯಿತು.

ಕಳೆದ ನವರಾತ್ರಿಯಲ್ಲಿ ಬೊಂಬೆಗಳ ಸಾಲಿನಲ್ಲಿ ಕೋದಂಡಪಾಣಿಯಾದ ಶ್ರೀರಾಮನನ್ನು ನೋಡಿದ ನನ್ನ ಮೊಮ್ಮಗನು, "ತಾತ, ನನಗೂ ಒಂದು ನಿಜವಾದ ಬಿಲ್ಲು ಮಾಡಿಕೊಡು" ಎಂದು ಹಟಹಿಡಿದನು. ಮೂವತ್ತು ವರ್ಷ ಸಂಸ್ಕೃತವನ್ನು ಬೋಧಿಸಿದವನಿಗೆ ಬಿಲ್ಲಿನ ವಿಷಯ ತಿಳಿಯದೆ ಉಂಟೇ! ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಪಂಡಿತ ಆರ್. ಶಾಮಶಾಸ್ತ್ರಿಗಳು ಗುರುತಿಸಿ 1909ರಲ್ಲಿ ಅಚ್ಚುಹಾಕಿಸಿದ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ತಾಳೆ, ಬಿದಿರು, ಮರ, ಕೊಂಬು ಎಂದು ಬಿಲ್ಲಿಗೆ ನಾಲ್ಕು ಮೂಲದ್ರವ್ಯಗಳನ್ನು ಹೇಳಿದೆ. ಅಗ್ನಿಪುರಾಣವು ನಾಲ್ಕು ಹಸ್ತದ ಬಿಲ್ಲನ್ನು ಉತ್ತಮವೆನ್ನುತ್ತದೆ. ಇಷ್ಟು ತಿಳಿದಮೇಲೆ ಇನ್ನೇನು ಬೇಕೆಂದು ಭಾವಿಸಿ, ಹಿತ್ತಲಿನ ಮೆಳೆಯಿಂದ ಎಳೆಯ ಬಿದಿರೊಂದನ್ನು ಕಡಿದು, ಸೀಳಿ, ಅಂದವಾಗಿ ಕಾಣಲೆಂದು ಮೇಲಿನ ಗಿಣ್ಣುಗಳನ್ನೆಲ್ಲ ಕೆತ್ತಿ ನಯಮಾಡಿ, ಅದೇ ಸಂಜೆ ಹೆದೆಯೇರಿಸಿ ಮಗುವಿನ ಕೈಗೆ ಕೊಟ್ಟೆನು.

ಮೂರನೆಯ ಸಲ ಸೆಳೆಯುತ್ತಲೇ ಬಿಲ್ಲು ಗಿಣ್ಣಿನ ಬಳಿ ಮುರಿದು, ಸಿಬಿರೊಂದು ಹಾರಿ ಮಗುವಿನ ಎಡಹುಬ್ಬಿನ ಮೇಲೆ ನಾಟಿತು. ಒಂದಂಗುಲ ಕೆಳಗೆ ತಾಗಿದ್ದರೆ ಕಣ್ಣೇ ಹೋಗುತ್ತಿತ್ತು. ಸೊಸೆಯು ನನಗೆ ಒಂದು ಮಾತನ್ನೂ ಆಡಲಿಲ್ಲ. ಆ ಮೌನವೇ ಸಾಕಾಗಿತ್ತು.

ಮರುದಿನ ಮುರಿದ ತುಂಡುಗಳನ್ನು ಹಿಡಿದುಕೊಂಡು, ಬುಟ್ಟಿ, ಮೊರಗಳನ್ನು ಹೆಣೆದು ಬಾಳಿದ ಮೇದರ ಹಿರಿಯರೊಬ್ಬರ ಬಳಿಗೆ ಹೋದೆನು. ಅವರು ತುಂಡನ್ನು ತಿರುಗಿಸಿ ನೋಡಿ ಮೂರು ಪ್ರಶ್ನೆಗಳನ್ನು ಕೇಳಿದರು: "ಮೇಷ್ಟ್ರೇ, ಯಾವಾಗ ಕಡಿದಿರಿ? ಎಷ್ಟು ದಿನ ಒಣಗಿಸಿದಿರಿ? ಗಿಣ್ಣನ್ನು ಏಕೆ ಕೆತ್ತಿದಿರಿ?" ಒಂದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ವಿದ್ಯೆಯೆಲ್ಲ ಈ ಮೂರು ಪ್ರಶ್ನೆಗಳಲ್ಲಿಯೇ ಅಡಗಿದೆಯೆಂದು ಈಗ ಬಲ್ಲೆನಾದುದರಿಂದ, ಅವನ್ನೇ ಒಂದೊಂದಾಗಿ ವಾಚಕರ ಮುಂದಿಡುತ್ತೇನೆ.

ಮೊದಲನೆಯದು ಕಾಲ. ಮಳೆಗಾಲದಲ್ಲಿ ಹುಟ್ಟಿದ ಕಳಲೆಯು ಕೆಲವೇ ತಿಂಗಳಲ್ಲಿ ಪೂರ್ಣ ಎತ್ತರಕ್ಕೆ ಬೆಳೆದರೂ ಗಟ್ಟಿಯಾಗಲು ಮೂರು ವರ್ಷಗಳಾದರೂ ಬೇಕು. ಎಳೆಯ ಬಿದಿರು ಒಣಗುವಾಗ ಸುಕ್ಕಿ ಸೊಟ್ಟಗಾಗುತ್ತದೆ. ಬಲಿತ ಬಿದಿರಿನಲ್ಲಿಯೂ ಪಿಷ್ಟಾಂಶ ಹೆಚ್ಚಾಗಿದ್ದರೆ ಅದನ್ನು ತಿನ್ನಲು ಹುಳು ಬೀಳುತ್ತದೆ. ಆದುದರಿಂದ ಮಳೆ ಕಳೆದು ಚಳಿ ಕಾಲಿಡುವಾಗ ಕಡಿಯುವುದು ರೂಢಿ. ಶರತ್ಕಾಲದಲ್ಲಿ ಕಡಿದ ಬಿದಿರಿನ ಬಿಲ್ಲೇ ಶ್ರೇಷ್ಠವೆಂದು ಅಗ್ನಿಪುರಾಣವೂ ಹೇಳಿದೆ. ಆ ಮಾತನ್ನು ನಾನು ಎಷ್ಟೋ ಸಲ ಓದಿದ್ದೆನು; ಅದರ ಕಾರಣವನ್ನು ಮಾತ್ರ ಯೋಚಿಸಿರಲಿಲ್ಲ.

ಎರಡನೆಯದು ಒಣಗಿಸುವಿಕೆ. ಹಸಿಯ ದಂಡವು ಬಾಗುತ್ತದೆ, ಆದರೆ ಬಾಗಿದಂತೆಯೇ ನಿಲ್ಲುತ್ತದೆ. ಹಿಂದಕ್ಕೆ ಚಿಮ್ಮುವ ಬಲ ಅದಕ್ಕೆ ಬಾರದು. ಬಿಸಿಲಿಗಿಟ್ಟರೆ ಹೊರಮೈ ಬೇಗ ಒಣಗಿ, ಒಳಗಿನ್ನೂ ಹಸಿಯಾಗಿದ್ದು, ಬಿರುಕು ಬಿಡುತ್ತದೆ. ಗಾಳಿಯಾಡುವ ನೆರಳಿನಲ್ಲಿಯೇ ಒಣಗಿಸಬೇಕು. ಮರದ ದಂಡವಾದರೆ ತೇವವು ತುದಿಗಳಿಂದಲೇ ಬೇಗ ಹೊರಡುವುದರಿಂದ ಎರಡು ತುದಿಗಳಿಗೂ ಸೆಗಣಿಯನ್ನೋ ಮೇಣವನ್ನೋ ಬಳಿಯಬೇಕು. ಅಂಗುಲ ದಪ್ಪದ ಮರಕ್ಕೆ ಸುಮಾರು ಒಂದು ವರ್ಷ ಬೇಕೆಂಬುದು ಸ್ಥೂಲವಾದ ಲೆಕ್ಕ; ಬಿದಿರಿನ ದಬ್ಬೆಗೆ ಅಷ್ಟು ಬೇಡ. ಒಣಗಿತೋ ಇಲ್ಲವೋ ಎಂಬುದನ್ನು ತಿಳಿಯಲು ತಕ್ಕಡಿಯೇ ಸಾಕ್ಷಿ. ವಾರಕ್ಕೊಮ್ಮೆ ತೂಗಿ ಬರೆದಿಟ್ಟು, ತೂಕವು ಇಳಿಯುವುದು ನಿಂತಮೇಲೆ ಕೆತ್ತನೆಗೆ ತೊಡಗಬೇಕು.

ಮೂರನೆಯದು ನಾರು. ಬಿಲ್ಲನ್ನು ಸೆಳೆದಾಗ ಗುರಿಯ ಕಡೆಗಿರುವ ಮೈ ಹಿಗ್ಗುತ್ತದೆ, ಬಿಲ್ಲುಗಾರನ ಕಡೆಗಿರುವ ಮೈ ಅದುಮಿಕೊಳ್ಳುತ್ತದೆ. ಬಿದಿರಿನಲ್ಲಿ ಹೊರಸಿಪ್ಪೆಯ ಬಳಿಯೇ ನಾರು ದಟ್ಟವಾಗಿರುವುದರಿಂದ, ಸಿಪ್ಪೆಯ ಮೈಯನ್ನು ಗುರಿಯ ಕಡೆಗಿಟ್ಟು ಒಳಮೈಯನ್ನು ಮಾತ್ರ ಕೆರೆಯಬೇಕು. ಅಂದಕ್ಕಾಗಿ ಗಿಣ್ಣನ್ನು ಕೆತ್ತಿದ ನಾನು, ಭಾರವನ್ನು ಹೊರಬೇಕಾದ ನಾರನ್ನೇ ಕತ್ತರಿಸಿಬಿಟ್ಟಿದ್ದೆನು. ಇದೇ ಕಾರಣದಿಂದ ಮರದ ದಂಡವನ್ನು ಗರಗಸದಿಂದ ಕೊಯ್ಯದೆ ಬೆಣೆಯಿಂದ ಸೀಳುವುದು ಲೇಸು. ಗರಗಸವು ನಾವು ಎಳೆದ ಗೆರೆಯಲ್ಲಿ ಹೋಗುತ್ತದೆ. ಸೀಳು ಮರದ ನಾರು ಹೋದಲ್ಲಿಗೆ ಹೋಗುತ್ತದೆ. ಸೀಳು ಒಂದು ಪಕ್ಕಕ್ಕೆ ಓಡತೊಡಗಿದರೆ ದಪ್ಪನಾದ ಭಾಗವನ್ನು ಬಾಗಿಸಬೇಕು. ಆಗ ಅದು ನಡುವಿಗೆ ಮರಳುತ್ತದೆ.

ಮರಗಳಲ್ಲಿ ನಮ್ಮವರು ತಡಸಲು ಎನ್ನುವುದನ್ನು ಸಂಸ್ಕೃತ ನಿಘಂಟುಗಳು ಧನ್ವನವೆಂದೂ ಧನುರ್ವೃಕ್ಷವೆಂದೂ ಕರೆದಿವೆ. ಹೆಸರೇ ಅದರ ಗುಣವನ್ನು ಸಾರುತ್ತದೆ. ಕೊಡಲಿಯ ಕಾವಿಗೂ ಒದಗುವ ಆ ಮರ ಬಾಗಿಯೂ ಮುರಿಯದು.

ಈ ತಾಳ್ಮೆ ನಮ್ಮ ದೇಶಕ್ಕೆ ಮಾತ್ರ ಸೇರಿದುದಲ್ಲ. 1991ರಲ್ಲಿ ಆಲ್ಪ್ಸ್ ಪರ್ವತದ ಹಿಮದಲ್ಲಿ ಸುಮಾರು 5300 ವರ್ಷಗಳ ಹಿಂದಿನ ಮನುಷ್ಯನೊಬ್ಬನ ದೇಹವು ದೊರೆಯಿತು. ಅವನ ಬಳಿ ಯೂ ಎಂಬ ಮರದ ಬಿಲ್ಲಿನ ದಂಡವಿತ್ತು. ಉದ್ದ ಸುಮಾರು ಆರಡಿ, ಎಂದರೆ ನಮ್ಮ ನಾಲ್ಕು ಹಸ್ತವೇ! ಅದರ ಮೇಲೆ ಕೆತ್ತಿದ ಗುರುತುಗಳು ಹಾಗೆಯೇ ಇವೆ. ಬಿಲ್ಲು ಇನ್ನೂ ಮುಗಿದಿರಲಿಲ್ಲ. ಬಾಣ ತಗಲಿ ಪ್ರಾಣಬಿಟ್ಟ ಆ ಮನುಷ್ಯನೂ ದಂಡವನ್ನು ಅವಸರದಿಂದ ಮುಗಿಸಿರಲಿಲ್ಲ.

ಮನೆಯಲ್ಲಿ ಮಕ್ಕಳಿಗಾಗಿ ಇದನ್ನು ಮಾಡಬಯಸುವವರಿಗೆ ನನ್ನದೊಂದು ಬಿನ್ನಹ. ಹೊಸ ಬಿಲ್ಲನ್ನು ಮಗುವಿನ ಕೈಗೆ ಕೊಡುವ ಮೊದಲು ಗೂಟಕ್ಕೆ ಕಟ್ಟಿ, ದೂರದಿಂದ ಹಗ್ಗದಲ್ಲಿ ಸ್ವಲ್ಪಸ್ವಲ್ಪವಾಗಿ ಎಳೆದು ನೋಡಿರಿ. ಎರಡು ತೋಳುಗಳೂ ಸಮನಾಗಿ ಬಾಗುವವರೆಗೆ, ಬಿರುಸಾದ ಕಡೆಯಲ್ಲಿ ಒಳಮೈಯನ್ನು ಕೆರೆಯಿರಿ. ಬಾಣದ ಮೊನೆ ಮೊಂಡಾಗಿರಲಿ.

ದೀಪಾವಳಿ ಕಳೆದಮೇಲೆ ಆ ಹಿರಿಯರು ತಾವೇ ಬಂದು ಬಲಿತ ಬಿದಿರೊಂದನ್ನು ಆರಿಸಿ, ಕಡಿಸಿ, ಮೊಮ್ಮಗನ ಕೈಯಲ್ಲಿಯೇ ಮಚ್ಚನ್ನಿಟ್ಟು ಸೀಳುವ ಬಗೆಯನ್ನು ತೋರಿಸಿದರು. ಸಂಸ್ಕೃತದಲ್ಲಿ ವಂಶವೆಂದರೆ ಬಿದಿರೂ ಹೌದು, ಕುಲವೂ ಹೌದು ಎಂದು ನಾನು ಹೇಳಿದಾಗ ಅವರು ನಕ್ಕು, "ನನ್ನ ಮಕ್ಕಳು ಬೆಂಗಳೂರು ಸೇರಿದರು ಮೇಷ್ಟ್ರೇ, ಮಚ್ಚು ಹಿಡಿದವನು ನಿಮ್ಮ ಹುಡುಗನೇ" ಎಂದರು. ದಬ್ಬೆಯು ಈಗ ನಮ್ಮ ಅಟ್ಟದ ಮೇಲಿದೆ. ಪ್ರತಿ ಭಾನುವಾರವೂ ಹುಡುಗನು ಅದನ್ನು ತೂಗಿ, ಗೋಡೆಯ ಮೇಲೆ ಇದ್ದಲಿನಿಂದ ತೂಕವನ್ನು ಬರೆಯುತ್ತಾನೆ. ಹುಬ್ಬಿನ ಗಾಯವು ಮಾಯ್ದಿದೆ. ತೂಕವು ಇನ್ನೂ ಸ್ವಲ್ಪ ಇಳಿಯುತ್ತಲೇ ಇದೆ. ನಾವಿಬ್ಬರೂ ಕಾಯುತ್ತಿದ್ದೇವೆ.