ಕಾಡು, ಗದ್ದೆ ಮತ್ತು ಜೌಗು ನೆಲ

ಮಳವಳ್ಳಿ ತಾಲ್ಲೂಕಿನ ಮುತ್ತತ್ತಿ ಕಾಡನ್ನು ಯಾರೂ ಬಿತ್ತಿ ಬೆಳೆಸಿದ್ದಲ್ಲ, ಅದು ನಿಸರ್ಗದ್ದು. 1987ರಲ್ಲಿ ಘೋಷಿತವಾದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದೆ. ಮಂಡ್ಯ, ಮದ್ದೂರಿನ ಕಬ್ಬು, ಭತ್ತದ ಗದ್ದೆ ರೈತನ ಕೈಯಲ್ಲಿ ನಿಂತದ್ದು.

ಮೂರನೆಯದು ವಿಶ್ವೇಶ್ವರಯ್ಯ ನಾಲೆಯ ಬಯಲಿನಲ್ಲಿ ಅಲ್ಲಲ್ಲಿ ಕಾಣುವ ಜೌಗು ತಗ್ಗು. ಬೇಕೆಂದು ಯಾರೂ ಕೆಡಿಸಲಿಲ್ಲ. ಮೇಲಿನ ಗದ್ದೆಗೆ ಹಾಯಿಸಿದ ಹೆಚ್ಚಿನ ನೀರು ಬಸಿದು ಇಲ್ಲಿ ನಿಲ್ಲುತ್ತದೆ. ಹುಲ್ಲು ಹೋಗಿ ಜೊಂಡು ಬರುತ್ತದೆ. ಬೇಸಿಗೆಯಲ್ಲಿ ಉಪ್ಪು ಮೇಲೆದ್ದು ನೆಲ ಬೆಳ್ಳಗಾಗುತ್ತದೆ.

ಈ ಗುರುತು ಕಂಡೊಡನೆ ಬಸಿಗಾಲುವೆಯ ಹೂಳು ತೆಗೆಯಿರಿ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ವಿಚಾರಿಸಿ ಮಣ್ಣು ಪರೀಕ್ಷೆ ಮಾಡಿಸಿ. ಕ್ಷಾರವಿದ್ದರೆ ಮಾತ್ರ ಜಿಪ್ಸಂ ಹಾಕಿ. ಮೇಲಿನವರು ನೀರನ್ನು ಹದವಾಗಿ ಹಾಯಿಸದಿದ್ದರೆ ತಗ್ಗಿನವರ ದುಡಿಮೆಯೆಲ್ಲ ವ್ಯರ್ಥ.