ಕನ್ನಡ ಪಠ್ಯದಲ್ಲಿ ಪದಶೋಧ: ಪ್ರೋಗ್ರಾಂ ಕಲಿಯುವವರ ಎರಡು ತೊಡಕುಗಳು

1

ಮೆಕೆಂಜಿಯ ಸಂಗ್ರಹವನ್ನು ಕಾಪಾಡಿಕೊಂಡು ಬಂದಿರುವ ಸರ್ಕಾರಿ ಪ್ರಾಚ್ಯ ಹಸ್ತಪ್ರತಿ ಗ್ರಂಥಾಲಯದಿಂದಾಗಿ ಚೆನ್ನೈ ನಗರವು ಕನ್ನಡ ಗ್ರಂಥಸಂಪಾದಕರಿಗೆ ಬಹುಕಾಲದಿಂದ ಪರಿಚಿತವಾದುದು. ಓಲೆಗರಿಗಳ ಪಾಠಾಂತರಗಳನ್ನು ಕುರಿತು ಚರ್ಚಿಸಲು ಬರುತ್ತಿದ್ದ ವಿದ್ಯಾರ್ಥಿಗಳು ಈಚಿನ ವರ್ಷಗಳಲ್ಲಿ ಬೇರೊಂದು ಬಗೆಯ ಪ್ರಶ್ನೆಗಳನ್ನೂ ನಮ್ಮ ಮುಂದಿಡುತ್ತಿದ್ದಾರೆ. ಕಾವ್ಯಗಳ ಗಣಕಪಠ್ಯದಲ್ಲಿ ಪದಪ್ರಯೋಗಗಳನ್ನು ಹುಡುಕಲು ಅವರು ಪೈಥಾನ್ ಭಾಷೆಯಲ್ಲಿ ಸಣ್ಣ ಪ್ರೋಗ್ರಾಂಗಳನ್ನು ಬರೆಯುತ್ತಾರೆ. ಕಣ್ಣಿಗೆ ಕಾಣುವ ಪದವು ಪ್ರೋಗ್ರಾಮಿಗೆ ಕಾಣುವುದಿಲ್ಲವೆಂಬುದು ಮೊದಲನೆಯ ದೂರು. ಹಳೆಯ ಪಠ್ಯವನ್ನೋ ಹಳೆಯ ಪ್ರೋಗ್ರಾಮನ್ನೋ ಹೊಸ ಆವೃತ್ತಿಗೆ ಪರಿವರ್ತಿಸಿದ ಮೇಲೆ ಫಲಿತಾಂಶವೇ ಬದಲಾಯಿತೆಂಬುದು ಎರಡನೆಯದು.

ಇದು ಕೇವಲ ಗಣಕತಜ್ಞರ ಸಮಸ್ಯೆಯೆಂದು ನಾವು ಸುಮ್ಮನಿರುವಂತಿಲ್ಲ. ಪ್ರೋಗ್ರಾಂ ‘ಸೊನ್ನೆ’ ಎಂದು ಉತ್ತರಿಸಿದಾಗ ‘ಈ ಕವಿಯಲ್ಲಿ ಈ ಪ್ರಯೋಗವಿಲ್ಲ’ ಎಂಬ ವಾಕ್ಯವು ಪ್ರಬಂಧವನ್ನು ಸೇರುತ್ತದೆ. ಕಾಲನಿರ್ಣಯಕ್ಕೂ ಕರ್ತೃತ್ವನಿರ್ಣಯಕ್ಕೂ ಆಧಾರವಾಗುತ್ತದೆ.

2

ಒಂದು ಸ್ಟ್ರಿಂಗಿನೊಳಗೆ ಇನ್ನೊಂದನ್ನು ಬೇಗನೆ ಹುಡುಕುವ ವಿಧಾನಗಳು ಗಣಕಶಾಸ್ತ್ರದಲ್ಲಿ ಎಂದೋ ಸಿದ್ಧವಾಗಿವೆ. ಕ್ನೂತ್, ಮಾರಿಸ್, ಪ್ರಾಟ್ ಅವರ ವಿಧಾನವೂ ಬೋಯರ್ ಮತ್ತು ಮೂರ್ ಅವರ ವಿಧಾನವೂ 1977ರಲ್ಲಿಯೇ ಪ್ರಕಟವಾದುವು. ಆದುದರಿಂದ ತೊಡಕು ಹುಡುಕುವ ಕ್ರಮದಲ್ಲಿಲ್ಲ. ಯಾವುದನ್ನು ಒಂದು ‘ಅಕ್ಷರ’ವೆಂದು ಎಣಿಸಬೇಕೆಂಬಲ್ಲಿದೆ.

‘ಕನ್ನಡ’ ಎಂಬ ಪದವನ್ನೇ ನೋಡಬಹುದು. ನಮ್ಮ ವರ್ಣಮಾಲೆಯನ್ನು ಬಲ್ಲವರಿಗೆ ಇದರಲ್ಲಿ ಮೂರು ಅಕ್ಷರಗಳಿವೆ. ಯೂನಿಕೋಡ್ ಇದನ್ನು ಕ, ನ, ವಿರಾಮಚಿಹ್ನೆ, ನ, ಡ ಎಂದು ಐದು ಸಂಕೇತಗಳಲ್ಲಿ ದಾಖಲಿಸುತ್ತದೆ. ಪೈಥಾನ್ 3 ಇದರ ಉದ್ದವನ್ನು 5 ಎನ್ನುತ್ತದೆ. ಯುಟಿಎಫ್-8 ಕ್ರಮದಲ್ಲಿ ಪ್ರತಿಯೊಂದು ಕನ್ನಡ ಸಂಕೇತಕ್ಕೂ ಮೂರು ಬೈಟುಗಳು ಬೇಕಾದುದರಿಂದ, ಆ ಕ್ರಮದಲ್ಲಿ ಉಳಿಸಿದ ಸಾಮಾನ್ಯ ಸ್ಟ್ರಿಂಗನ್ನು ಪೈಥಾನ್ 2 ಎಣಿಸಿದರೆ ಬರುವ ಉತ್ತರ 15. ಇನ್ನು ಚೆನ್ನೈಯ ವಿದ್ಯಾರ್ಥಿಗಳು ತಮಿಳು ಸ್ನೇಹಿತರಿಂದ ಎರವಲು ಪಡೆದ ಕೋಡ್ 4 ಎನ್ನುವುದುಂಟು. ತಮಿಳು ವ್ಯಾಕರಣದಲ್ಲಿ ಪುಳ್ಳಿಯಿಟ್ಟ ವ್ಯಂಜನವು ತಾನೇ ಒಂದು ಅಕ್ಷರ. ಆ ಲೆಕ್ಕದಲ್ಲಿ ಕ, ನ್, ನ, ಡ ಎಂದು ನಾಲ್ಕಾಗುತ್ತದೆ. ತಮಿಳಿಗೆ ಸರಿಯಾದ ಈ ಎಣಿಕೆ ಒತ್ತಕ್ಷರಗಳುಳ್ಳ ಕನ್ನಡಕ್ಕೆ ಹೊಂದುವುದಿಲ್ಲ. ನಾಲ್ಕು ಉತ್ತರಗಳೂ ತಂತಮ್ಮ ಮಾನದಂಡದಲ್ಲಿ ನಿಜವೇ. ಛಂದಸ್ಸಿನ ಅಧ್ಯಯನಕ್ಕೆ ಮಾತ್ರ ಮೂರೆಂಬ ಉತ್ತರವೊಂದೇ ಉಪಯುಕ್ತ. ದ್ವಿತೀಯಾಕ್ಷರ ಪ್ರಾಸವನ್ನು ಗುರುತಿಸಬೇಕಾದ ಪ್ರೋಗ್ರಾಂ ಎರಡನೆಯ ಸಂಕೇತವನ್ನು ನೋಡಿದರೆ, ‘ಕಾಡು’ ಎಂಬಲ್ಲಿ ಡಕಾರಕ್ಕೆ ಬದಲಾಗಿ ದೀರ್ಘದ ಚಿಹ್ನೆಯನ್ನು ಹಿಡಿಯುತ್ತದೆ.

ಶೋಧದಲ್ಲಿಯೂ ಇದೇ ದೋಷ ಎರಡು ರೀತಿಯಲ್ಲಿ ತಲೆದೋರುತ್ತದೆ. ‘ಕನ’ ಎಂದು ಹುಡುಕಿದರೆ ‘ಕನಕ’ದೊಂದಿಗೆ ‘ಕನ್ನಡ’ವೂ ಸಿಕ್ಕಿಬೀಳುತ್ತದೆ, ಸಿಕ್ಕಿದ ಭಾಗದ ಮುಂದೆ ವಿರಾಮವೋ ಸ್ವರಚಿಹ್ನೆಯೋ ಇದೆಯೇ ಎಂದು ಪರೀಕ್ಷಿಸುವುದೇ ಇದಕ್ಕೆ ಪರಿಹಾರ. ಪೈಥಾನಿನ ರೆಗ್ಯುಲರ್ ಎಕ್ಸ್‌ಪ್ರೆಶನ್ನಿನಲ್ಲಿ ಪದದೊಳಗಿನ ಅಕ್ಷರವನ್ನು ಸೂಚಿಸುವ ‘ಬ್ಯಾಕ್‌ಸ್ಲ್ಯಾಶ್ ಡಬ್ಲ್ಯೂ’ ಎಂಬ ಗುರುತು ವಿರಾಮವನ್ನೂ ಸ್ವರಚಿಹ್ನೆಗಳನ್ನೂ ಅಕ್ಷರವೆಂದು ಮನ್ನಿಸುವುದಿಲ್ಲವಾಗಿ, ‘ಕನ್ನಡ’ವು ‘ಕನ’ ಮತ್ತು ‘ನಡ’ ಎಂಬ ಎರಡು ಪದಗಳಾಗಿ ಒಡೆಯುತ್ತದೆ. ಹೀಗೆ ತಯಾರಾದ ಪದಸೂಚಿಯ ಗತಿಯನ್ನು ಊಹಿಸಬಹುದು.

ಇದಕ್ಕಿಂತ ಸೂಕ್ಷ್ಮವಾದುದು ಒಂದೇ ರೂಪಕ್ಕೆ ಎರಡು ಬರವಣಿಗೆಗಳಿರುವುದು. ‘ಕೇ’ ಎಂಬುದನ್ನು ಕಕಾರ ಮತ್ತು ಏತ್ವದ ಒಂದೇ ಚಿಹ್ನೆಯಿಂದಲೂ, ಕಕಾರ, ಎತ್ವ ಮತ್ತು ದೀರ್ಘದ ಪ್ರತ್ಯೇಕ ಚಿಹ್ನೆಗಳಿಂದಲೂ ಬರೆಯಲು ಯೂನಿಕೋಡಿನಲ್ಲಿ ಅವಕಾಶವಿದೆ. ತೆರೆಯ ಮೇಲೆ ಎರಡೂ ಒಂದೇ. ಪ್ರೋಗ್ರಾಮಿಗೆ ಬೇರೆ ಬೇರೆ. ಎನ್‌ಎಫ್‌ಸಿ ಎಂಬ ಏಕರೂಪೀಕರಣ ವಿಧಾನದಿಂದ ಪಠ್ಯವನ್ನೂ ಹುಡುಕುವ ಪದವನ್ನೂ ಮೊದಲು ಸಮಗೊಳಿಸಿದರೆ ಈ ತೊಡಕು ನೀಗುತ್ತದೆ. ಆದರೆ ಕಣ್ಣಿಗೆ ಕಾಣದ ಜೋಡಕ, ವಿಯೋಜಕ ಚಿಹ್ನೆಗಳಾಗಲಿ, ‘ಪಂಪ’ ಮತ್ತು ‘ಪಮ್ಪ’ ಎಂಬಂತಹ ಅನುಸ್ವಾರ ಅನುನಾಸಿಕಗಳ ವ್ಯತ್ಯಾಸವಾಗಲಿ ಅದರಿಂದ ಹೋಗುವುದಿಲ್ಲ. ಅವುಗಳಿಗೆ ಸಂಶೋಧಕನೇ ನಿಯಮವನ್ನು ಗೊತ್ತುಪಡಿಸಬೇಕು.

3

ಪರಿವರ್ತನೆಯ ವಿಷಯಕ್ಕೆ ಬರೋಣ. ‘ನುಡಿ’ಯ ಹಳೆಯ ಫಾಂಟುಗಳಲ್ಲಿ ಸಿದ್ಧವಾದ ಪಠ್ಯಗಳು ಇಂದಿಗೂ ಅನೇಕರ ಬಳಿ ಇವೆ. ಅಲ್ಲಿ ದಾಖಲಾಗಿರುವುದು ಧ್ವನಿಕ್ರಮವಲ್ಲ, ಅಕ್ಷರದ ತುಣುಕುಗಳು ಕಣ್ಣಿಗೆ ಕಾಣುವ ಕ್ರಮ. ಕಕಾರದ ಮೈ ಒಂದು ಸಂಕೇತ, ತಲೆಕಟ್ಟು ಇನ್ನೊಂದು; ‘ಕಿ’ ಎಂಬುದು ಬೇರೆಯೇ ಸಂಕೇತ. ಕೋಷ್ಟಕವೊಂದನ್ನು ಮುಂದಿಟ್ಟುಕೊಂಡು ತುಣುಕಿಗೆ ತುಣುಕನ್ನು ಬದಲಿಸಿದರೆ ಸಾಲದು. ಅರ್ಕಾವೊತ್ತು ಕಾಣುವುದು ವ್ಯಂಜನದ ನಂತರ, ಉಚ್ಚಾರವಾಗುವುದು ಅದಕ್ಕೆ ಮೊದಲು. ಈ ಸ್ಥಾನಪಲ್ಲಟವನ್ನು ಮರೆತ ಪ್ರೋಗ್ರಾಮಿನ ಕೈಯಲ್ಲಿ ‘ಕರ್ನಾಟಕ’ವು ‘ಕನಾರ್ಟಕ’ವಾಗುತ್ತದೆ, ‘ಧರ್ಮ’ವು ‘ಧಮರ್’ ಆಗುತ್ತದೆ. ಇಂತಹ ಪಠ್ಯದಲ್ಲಿ ‘ಧರ್ಮ’ವನ್ನು ಹುಡುಕಿದವರಿಗೆ ಸೊನ್ನೆಯೇ ಗತಿ.

ಹಳಗನ್ನಡದ ಱ ಮತ್ತು ೞ ಅಕ್ಷರಗಳ ಪಾಡು ಇನ್ನೂ ಕಠಿನ. ೞಕಾರಕ್ಕೆ ಯೂನಿಕೋಡಿನಲ್ಲಿ ತಪ್ಪಾಗಿ ‘ಫ’ಕಾರವೆಂಬ ಹೆಸರು ಬಿದ್ದಿದೆ. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬ ನಿಯಮವಿರುವುದರಿಂದ, ಸರಿಯಾದ ಹೆಸರನ್ನು ಉಪನಾಮವಾಗಿ ಮಾತ್ರ ಸೇರಿಸಲಾಗಿದೆ. ಹೆಸರನ್ನು ನಂಬಿ ಕೋಷ್ಟಕವನ್ನು ತಯಾರಿಸುವ ಹೊಸಬರು ಇಲ್ಲಿ ಎಡವುವುದು ಸಹಜ. ೞ ಮತ್ತು ಳಗಳ ಭೇದವನ್ನೇ ಅಳಿಸಿಹಾಕಿದ ಪಠ್ಯದಿಂದ ಭಾಷೆಯ ಕಾಲವನ್ನು ನಿರ್ಣಯಿಸಲು ಹೊರಡುವುದು ವ್ಯರ್ಥವೆಂದು ಬೇರೆ ಹೇಳಬೇಕಾಗಿಲ್ಲ.

ಪ್ರೋಗ್ರಾಮಿನ ಪರಿವರ್ತನೆಯೂ ಹೀಗೆಯೇ. ಪೈಥಾನ್ 3 ಬಂದುದು 2008ರ ಡಿಸೆಂಬರಿನಲ್ಲಿ. ಪೈಥಾನ್ 2ರ ಪೋಷಣೆ 2020ರ ಜನವರಿ 1ಕ್ಕೆ ನಿಂತಿತು. ಹಳೆಯ ಕೋಡನ್ನು ತಾನಾಗಿ ತಿದ್ದುವ ಸಾಧನಗಳು ‘ಪ್ರಿಂಟ್’ ಮೊದಲಾದುವುಗಳ ರೂಪವನ್ನು ಸರಿಪಡಿಸುತ್ತವೆ. ಆದರೆ ಒಂದು ಸ್ಟ್ರಿಂಗು ಬೈಟುಗಳ ಸಾಲೋ ಅಕ್ಷರಗಳ ಸಾಲೋ ಎಂಬುದನ್ನು ಅವು ನಿರ್ಣಯಿಸಲಾರವು. ಬೈಟುಗಳನ್ನು ಮೂರು ಮೂರಾಗಿ ಕತ್ತರಿಸಿ ಕನ್ನಡವನ್ನು ಓದುತ್ತಿದ್ದ ಹಳೆಯ ಪ್ರೋಗ್ರಾಂ, ಹೊಸ ಆವೃತ್ತಿಯಲ್ಲಿ ತಪ್ಪನ್ನೇ ಸೂಚಿಸದೆ ಮೂರು ಮೂರು ಸಂಕೇತಗಳನ್ನು ಕತ್ತರಿಸುತ್ತ ಹೋಗುತ್ತದೆ.

4

ಈ ತೊಡಕುಗಳಿಗೆ ಬೇಕಾದ ಶಿಸ್ತು ಗ್ರಂಥಸಂಪಾದನೆಯಲ್ಲಿ ನಮಗೆ ಆಗಲೇ ಪರಿಚಿತವಾಗಿದೆ. ಮೂಲಪ್ರತಿಯನ್ನು ತಿದ್ದದೆ ಹಾಗೆಯೇ ಉಳಿಸಿಕೊಳ್ಳುವುದು, ಪರಿವರ್ತಿತ ಪ್ರತಿಯನ್ನು ಬೇರೆಯಾಗಿಡುವುದು, ಕೆಲವು ಪುಟಗಳನ್ನಾದರೂ ಮುದ್ರಿತ ಆವೃತ್ತಿಯೊಡನೆ ಕಣ್ಣಾರೆ ಹೋಲಿಸುವುದು, ಮಾಡಿದ ಬದಲಾವಣೆಗಳನ್ನೆಲ್ಲ ಬರೆದಿಡುವುದು. ಇದರೊಡನೆ, ಇದ್ದೇ ಇದೆಯೆಂದು ತಿಳಿದಿರುವ ಹತ್ತು ಪದಗಳನ್ನು ಮೊದಲು ಹುಡುಕಿ ನೋಡಬೇಕು. ಅವುಗಳಲ್ಲಿ ಒಂದು ಸಿಗದಿದ್ದರೂ ಆ ಪ್ರೋಗ್ರಾಮಿನ ಸೊನ್ನೆಯನ್ನು ನಂಬಬಾರದು.

ಹೊರನಾಡಿನ ಸಂಶೋಧಕರಲ್ಲಿ ನಮ್ಮ ವಿನಂತಿ ಇಷ್ಟೆ. ಗಣಕಶೋಧದ ಆಧಾರದ ಮೇಲೆ ‘ಪ್ರಯೋಗವಿಲ್ಲ’ ಎಂದು ಬರೆಯುವಾಗ, ಯಾವ ಆವೃತ್ತಿಯ ಪಠ್ಯ, ಅದು ಮೊದಲು ಯಾವ ಸಂಕೇತಕ್ರಮದಲ್ಲಿತ್ತು, ಹೇಗೆ ಪರಿವರ್ತಿತವಾಯಿತು, ಅಕ್ಷರವನ್ನು ಹೇಗೆ ಎಣಿಸಲಾಯಿತು ಎಂಬ ನಾಲ್ಕು ಸಂಗತಿಗಳನ್ನು ಅದರ ಜೊತೆಯಲ್ಲಿಯೇ ತಿಳಿಸಬೇಕು. ಹಾಗೆ ಮಾಡಿದರೆ ಮುಂದಿನವರು ಆ ಮಾತನ್ನು ಪರೀಕ್ಷಿಸಿ ನೋಡಬಲ್ಲರು.