ನಾಗಪುರದ ತಾರಸಿ ಮತ್ತು ಮೇ ತಿಂಗಳ ಸೂರ್ಯ

ನಾಗಪುರ ಇರುವುದು 21 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಅಲ್ಲಿ ಮಧ್ಯಾಹ್ನದ ಸೂರ್ಯ ಸರಿಯಾಗಿ ನೆತ್ತಿಯ ಮೇಲೆ ಬರುವುದು ಮೇ ಕೊನೆಯ ವಾರ, ಉಷ್ಣಾಂಶ 45 ಡಿಗ್ರಿ ಮುಟ್ಟುವ ದಿನಗಳಲ್ಲೇ. ಆ ಹೊತ್ತಿನಲ್ಲಿ ಗೋಡೆಗಳಿಗೆ ಬಿಸಿಲು ತಾಗುವುದು ಕಡಿಮೆ, ಏಟೆಲ್ಲ ತಾರಸಿಗೆ. ನಡು ಮಹಡಿಯವರು ಹೇಗೋ ಪಾರು. ಒಂದೇ ಅಂತಸ್ತಿನ ಪುಟ್ಟ ಮನೆಯವರಿಗೆ ತಪ್ಪಿದ್ದಲ್ಲ.

ನಾಲ್ಕೈದು ಅಂಗುಲದ ಕಾಂಕ್ರೀಟ್ ತಾರಸಿ ಹಗಲೆಲ್ಲ ಶಾಖ ಹೀರುತ್ತದೆ. ಅದು ಕೆಳಮೈಗೆ ಇಳಿಯಲು ಕೆಲವು ಗಂಟೆ ಬೇಕು. ಹಾಗಾಗಿ ಹೊತ್ತು ಮುಳುಗಿ ಹೊರಗಿನ ಗಾಳಿ ತಣಿಯತೊಡಗಿದರೂ ಮನೆಯೊಳಗೆ ಛಾವಣಿ ಬಿಸಿ ಕಾರುತ್ತಲೇ ಇರುತ್ತದೆ. ಹಗಲಿನ ಬಿಸಿಲಿಗೆ ಬಳಲಿದ ದೇಹ ಚೇತರಿಸಿಕೊಳ್ಳಬೇಕಾದ್ದು ರಾತ್ರಿ. ಆಗಲೂ ಸೆಕೆ ಬಿಡದಿದ್ದರೆ ವಯಸ್ಸಾದವರಿಗೆ, ಹೃದ್ರೋಗಿಗಳಿಗೆ ಅಪಾಯ ಹೆಚ್ಚು.

ವಸತಿ ಕಟ್ಟಡಗಳಿಗೆಂದು 2018ರಲ್ಲಿ ಬಂದ 'ಇಕೋ ನಿವಾಸ್ ಸಂಹಿತಾ' ಛಾವಣಿಗೊಂದು ಮಿತಿ ಹಾಕಿದೆ: ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಚದರ ಮೀಟರಿಗೆ 1.2 ವ್ಯಾಟ್‌ಗಿಂತ ಹೆಚ್ಚು ಶಾಖ ಇಳಿಯಬಾರದು. ಬರಿ ಸ್ಲ್ಯಾಬಿನಲ್ಲಿ ಇಳಿಯುವುದು ಅದರ ಸುಮಾರು ಮೂರು ಪಟ್ಟು. ಪ್ರಧಾನಮಂತ್ರಿ ಆವಾಸ್ ಯೋಜನೆಯ ಮೊದಲ ಹಂತದಲ್ಲಿ ನಗರದ ಬಡವರ ಮನೆಗೆ 30 ಚದರ ಮೀಟರ್ ಎಂದು ಲೆಕ್ಕವಿತ್ತು. ಇಪ್ಪತ್ತು ಡಿಗ್ರಿ ವ್ಯತ್ಯಾಸವಿದ್ದರೆ ಆ ತಾರಸಿಯಿಂದ ಸುಮಾರು ಎರಡು ಸಾವಿರ ವ್ಯಾಟ್ ಶಾಖ ಇಳಿಯುತ್ತದೆ, ತಲೆಯ ಮೇಲೆ ಎರಡು ಇಸ್ತ್ರಿಪೆಟ್ಟಿಗೆ ಉರಿಸಿಟ್ಟ ಹಾಗೆ. ಚದರಡಿ ಲೆಕ್ಕದ ನಮ್ಮ 'ಅಗ್ಗದ ಮನೆ'ಗಳ ದರಪಟ್ಟಿಯಲ್ಲಿ ಈ ಸೆಕೆಗೆ ಕಾಲಮ್ಮೇ ಇಲ್ಲ.

ಅಗ್ಗದ ಮದ್ದು ಬಿಳಿ ಬಣ್ಣ. ಹೊಸ ಸುಣ್ಣ ಬಿಸಿಲಿನ ಬಹುಪಾಲನ್ನು ಬಂದ ದಾರಿಗೇ ಕಳಿಸುತ್ತದೆ. ಧೂಳು ಕೂತರೆ ಗುಣ ಹೋಯಿತು, ಮಳೆಗೆ ಸುಣ್ಣವೂ ತೊಳೆದುಹೋಗುತ್ತದೆ. ಪ್ರತಿ ಬೇಸಿಗೆಗೂ ಬಳಿಯಲೇಬೇಕು. ಬಿಳಿ ಟೈಲ್ಸ್ ಚೂರು ಕೂರಿಸಿದರೆ ಹೆಚ್ಚು ಬಾಳಿಕೆ. ತೆಲಂಗಾಣ 2023ರಲ್ಲಿ ತಂಪು ಛಾವಣಿಗೆಂದೇ ನೀತಿ ತಂದಿತು. ಕಲಬುರಗಿ, ರಾಯಚೂರುಗಳಿಗೂ ಇಂಥ ನೀತಿ ಬೇಕು. ಗೋಡೆಗೆ ಹಾರುಬೂದಿಯ ಇಟ್ಟಿಗೆಯಾದೀತು. ನಾಗಪುರದ ಪಕ್ಕದ ಕೋರಾಡಿ, ಖಾಪರಖೇಡಾ ವಿದ್ಯುತ್ ಸ್ಥಾವರಗಳಲ್ಲಿ ಬೂದಿಗೇನೂ ಬರವಿಲ್ಲ.

ಇನ್ನು ಕೂಲರ್. ನಾಗಪುರದ ಕಿಟಕಿ ಕಿಟಕಿಗೂ ತಗಡಿನ ಕೂಲರ್ ನೇತಾಡುತ್ತದೆ. ಒದ್ದೆ ಹುಲ್ಲಿನ ಪರದೆಯಿಂದ ಆವಿಯಾಗುವ ನೀರು ಗಾಳಿಯ ಶಾಖವನ್ನು ಕಸಿಯುತ್ತದೆ. 43 ಡಿಗ್ರಿಯ ಒಣಗಾಳಿ 30ರ ಆಸುಪಾಸಿಗೆ ಇಳಿಯುತ್ತದೆ. ಎಸಿಗೆ ಹೋಲಿಸಿದರೆ ಕರೆಂಟು ಅತ್ಯಲ್ಪ. ಆದರೆ ಒಳಬಂದ ಗಾಳಿ ಹೊರಹೋಗಲು ಎದುರುಗಡೆ ಇನ್ನೊಂದು ಕಿಟಕಿ ತೆರೆದಿರಬೇಕು, ಇಲ್ಲವಾದರೆ ಕೋಣೆಯಲ್ಲಿ ತೇವ ಕವಿಯುತ್ತದೆ. ಒಂದೇ ಕಡೆ ಕಿಟಕಿಯಿಟ್ಟ ನಕ್ಷೆಗಳು ಸೋಲುವುದು ಇಲ್ಲೇ. ಜುಲೈನಲ್ಲಿ ಗಾಳಿಯೇ ನೀರು ತುಂಬಿಕೊಂಡಿರುವಾಗ ಕೂಲರಿಗೆ ಕೆಲಸವಿಲ್ಲ. ಆಗ ಆ ಎದುರು ಕಿಟಕಿಯೊಂದೇ ಗತಿ.